ಮಗ ಮೂರನೇ ಕ್ಲಾಸಿಗೆ ಬಂದ: ಈ ವರ್ಷ ಏನೇನು ಬರಬೇಕು, ಮನೆಯಲ್ಲಿ ಹೇಗೆ ನೋಡೋದು?

ಕೆರೆಏರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗ ಈ ಜೂನ್‌ನಿಂದ ಮೂರನೇ ಕ್ಲಾಸು. ಸರ್ಕಾರಿ ಕನ್ನಡ ಮಾಧ್ಯಮ ಶಾಲೆ, ನಲಿಕಲಿ ಪದ್ಧತಿ. ಒಂದು, ಎರಡು, ಮೂರು, ಮೂರೂ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅಕ್ಷರ ಗುರುತಿಸ್ತಾನೆ, ಪಾಠ ಓದು ಅಂದ್ರೆ ಗಡಗಡ ಓದ್ತಾನೆ, ಮಗ್ಗಿ 5ರವರೆಗೆ ಹೇಳ್ತಾನೆ. ಆದರೆ ಇದು ಸಾಕಾ ಅಂತ ಗೊತ್ತಾಗ್ತಿಲ್ಲ. ನಾಲ್ಕನೇ ಕ್ಲಾಸಿಗೆ ಹೋದ ತಕ್ಷಣ ಮಕ್ಕಳು ಹಿಂದೆ ಬೀಳ್ತಾರೆ ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ಅದು ಯಾಕೆ? ಈ ವರ್ಷ ಕನ್ನಡದಲ್ಲಿ, ಲೆಕ್ಕದಲ್ಲಿ ಎಲ್ಲಿಗೆ ಬಂದಿರಬೇಕು? ಫೇಲ್ ಮಾಡ್ತಾರಾ? ಈಗಲೇ ಟ್ಯೂಷನ್‌ಗೆ ಹಾಕಬೇಕಾ? ತಿಳಿದವರು ಬಿಡಿಸಿ ಹೇಳಿ.

ಸೀಮೆಸುಣ್ಣ

ಕೊನೆಯ ಎರಡು ಪ್ರಶ್ನೆ ಮೊದಲು ಮುಗಿಸೋಣ. ಫೇಲ್ ಮಾಡೋ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ತಡೆಯುತ್ತೆ. 2019ರ ತಿದ್ದುಪಡಿಯಲ್ಲಿ ಮಗುವನ್ನು ಅದೇ ಕ್ಲಾಸಲ್ಲಿ ಉಳಿಸಿಕೊಳ್ಳೋಕೆ ಅವಕಾಶ ಕೊಟ್ಟಿದ್ದು 5 ಮತ್ತು 8ನೇ ತರಗತಿಗೆ ಮಾತ್ರ. ಹಾಗಂತ ನಿಶ್ಚಿಂತೆಯಿಂದ ಇರಬೇಡಿ, ಪಾಸಾಗೋದಕ್ಕೂ ಕಲಿಯೋದಕ್ಕೂ ಸಂಬಂಧ ಇಲ್ಲ ಅನ್ನೋದು ಇಲ್ಲೇ ಗೊತ್ತಾಗೋದು. ಟ್ಯೂಷನ್ ಈಗ ಬೇಡ. ಕಾರಣ ಕೆಳಗೆ ತಾನಾಗಿ ಬರುತ್ತೆ.

ನಾಲ್ಕನೇ ಕ್ಲಾಸಲ್ಲಿ ಯಾಕೆ ಬೀಳ್ತಾರೆ ಅಂದ್ರೆ, ನಲಿಕಲಿ ಮೂರಕ್ಕೇ ಮುಗಿಯುತ್ತೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತೆ. ಕೂರೋದು ಐದು ತಟ್ಟೆಗಳಲ್ಲಿ: ಶಿಕ್ಷಕರ ಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಸಹಪಾಠಿಗಳ ಪೂರ್ಣ ಸಹಾಯ, ಸಹಪಾಠಿಗಳ ಭಾಗಶಃ ಸಹಾಯ, ಕೊನೆಗೆ ಸ್ವಕಲಿಕೆ. ನಾಲ್ಕಕ್ಕೆ ಹೋದ ದಿನ ಇದೆಲ್ಲ ಇಲ್ಲ. ಪಠ್ಯಪುಸ್ತಕ, ಕರಿಹಲಗೆ, ಎಲ್ಲರಿಗೂ ಒಂದೇ ಪಾಠ. ಪಾಠವನ್ನು ತಾನೇ ಓದಿ ಅರ್ಥ ಮಾಡ್ಕೋಬೇಕು. ಓದೋಕೆ ಕಲಿಯೋ ಕಾಲ ಮೂರನೇ ಕ್ಲಾಸಿಗೆ ಮುಗಿದು, ಓದಿ ಕಲಿಯೋ ಕಾಲ ಶುರುವಾಗುತ್ತೆ.

ಹಾಗಾಗಿ ಶಾಲೆಗೆ ಹೋದಾಗ "ನನ್ನ ಮಗ ಹೇಗೆ ಓದ್ತಾನೆ ಸರ್" ಅಂತ ಕೇಳಬೇಡಿ. "ಪರವಾಗಿಲ್ಲ" ಅಂತ ಉತ್ತರ ಬರುತ್ತೆ, ಮುಗೀತು. ಪ್ರಗತಿ ನೋಟದ ಪಟ್ಟಿ ತೋರಿಸಿ, ಯಾವ ಮೈಲಿಗಲ್ಲಿನಲ್ಲಿದ್ದಾನೆ (ಅಂದ್ರೆ ಮೆಟ್ಟಿಲುಗಳಲ್ಲಿ ಎಲ್ಲಿಯವರೆಗೆ ಬಂದಿದ್ದಾನೆ), ಕನ್ನಡದಲ್ಲಿ ಮತ್ತು ಗಣಿತದಲ್ಲಿ ಈಗ ಯಾವ ತಟ್ಟೆಯಲ್ಲಿ ಕೂರ್ತಾನೆ ಅಂತ ಕೇಳಿ. ದಸರಾ ರಜೆಗೆ ಮುಂಚೆ ಒಂದ್ಸಲ, ಜನವರಿಯಲ್ಲಿ ಒಂದ್ಸಲ. ಜನವರಿಯಲ್ಲೂ ಹೆಚ್ಚು ಹೊತ್ತು ಮೊದಲನೇ ತಟ್ಟೆಯಲ್ಲೇ ಇದ್ರೆ ಉಳಿದ ಮೂರು ತಿಂಗಳು ಮನೆಯಲ್ಲಿ ಕೂರಿಸಿಕೊಳ್ಳಬೇಕು ಅಂತ ಅರ್ಥ.

ಇನ್ನು ಓದು. "ಗಡಗಡ ಓದ್ತಾನೆ" ಅನ್ನೋ ಮಾತೇ ನನಗೆ ಅನುಮಾನ. ದಿನಾ ಕೇಳಿದ ಪಾಠ ಬಾಯಿಪಾಠ ಆಗಿರುತ್ತೆ, ಕಣ್ಣು ಪುಸ್ತಕದ ಮೇಲೆ, ಬಾಯಿ ನೆನಪಿನ ಮೇಲೆ. ಪರೀಕ್ಷೆ ಸುಲಭ: ಚಿತ್ರವನ್ನು ಕೈಯಿಂದ ಮುಚ್ಚಿ, ಪುಟದ ಕೊನೆಯ ಸಾಲನ್ನು ಮೊದಲು ಓದಿಸಿ. ಆಮೇಲೆ ನಡುವಿನ ಒಂದು ಪದಕ್ಕೆ ಬೆರಳಿಟ್ಟು ಇದೇನು ಅಂತ ಕೇಳಿ. ಸಾಲಿನ ಶುರುವಿಗೆ ಹೋಗಿ ಗುನುಗಿಕೊಂಡು ಬಂದು ಆ ಪದ ಹೇಳಿದ್ರೆ ಅದು ಓದಲ್ಲ.

ಮಕ್ಕಳಿಗೆ ಬುನಾದಿ ಓದು, ಲೆಕ್ಕ ಬರಲಿ ಅಂತ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರುಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ ಮೂರನೇ ಕ್ಲಾಸಿನ ಕೊನೆಗೆ ಮಗು ನೋಡದ ಪಾಠವನ್ನು ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ಮಾಡ್ಕೊಂಡು ಓದಬೇಕು. ಈ 60ನ್ನು ಕಣ್ಣುಮುಚ್ಚಿ ಹಿಡ್ಕೋಬೇಡಿ. "ಮನೆ" ಒಂದು ಪದ, "ಮನೆಯವರಿಗೆಲ್ಲರಿಗೂ" ಕೂಡ ಒಂದೇ ಪದ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳೆಲ್ಲ ಬಾಲದ ಹಾಗೆ ಅಂಟಿಕೊಳ್ಳೋದ್ರಿಂದ ಪದ ಎಣಿಸಿದ್ರೆ ಮಗುವಿಗೆ ಅನ್ಯಾಯ ಆಗುತ್ತೆ. ಸುಮ್ಮನೆ ಒಂದು ಹೊಸ ಕತೆಯ ಎಂಟು ಹತ್ತು ಸಾಲು ಓದಿಸಿ, ಪುಸ್ತಕ ಮುಚ್ಚಿ, ಮೂರು ಪ್ರಶ್ನೆ ಕೇಳಿ. ಎರಡಕ್ಕೆ ಉತ್ತರ ಕತೆಯಲ್ಲಿ ನೇರವಾಗಿರಲಿ, ಒಂದು "ಅವನು ಯಾಕೆ ಹಾಗೆ ಮಾಡಿದ" ಅನ್ನೋ ತರಹದ್ದು. ಮೂರನೆಯದಕ್ಕೆ ಉತ್ತರ ಬಂದ್ರೆ ವೇಗ ಸ್ವಲ್ಪ ಕಮ್ಮಿ ಇದ್ರೂ ಚಿಂತೆ ಇಲ್ಲ.

ತೊಡಕೆಲ್ಲ ಇರೋದು ಒತ್ತಕ್ಷರದಲ್ಲಿ. ಹತ್ತು ಪದದ ಉಕ್ತಲೇಖನ ಕೊಡಿ: ಅಕ್ಕ, ಕತ್ತೆ, ಅನ್ನ, ಬೆಲ್ಲ, ಅಮ್ಮ, ಪುಸ್ತಕ, ಶಕ್ತಿ, ಚಂದ್ರ, ಸೂರ್ಯ, ವಿಜ್ಞಾನ. ಮೊದಲ ಐದು ಸಜಾತೀಯ (ಅಕ್ಷರಕ್ಕೆ ಅದರದೇ ಒತ್ತು), ಉಳಿದದ್ದು ವಿಜಾತೀಯ (ಬೇರೆ ಅಕ್ಷರದ ಒತ್ತು). ಅಂಕ ಹಾಕಬೇಡಿ, ತಪ್ಪು ಯಾವ ಜಾತಿಯದು ನೋಡಿ.

"ಕತ್ತೆ"ಗೆ "ಕತೆ" ಅಂತ ಬರೆದ್ರೆ ಕಿವಿಗೆ ಒತ್ತು ಬಿದ್ದಿಲ್ಲ. ಬರವಣಿಗೆ ಬಿಡಿ, ಚಪ್ಪಾಳೆ ತಟ್ಟಿಸಿ: ಕ-ತೆ, ಕತ್-ತೆ. "ಪುಸತಕ" ಅಂತ ಬರೆದ್ರೆ ಕಿವಿ ಸರಿಯಿದೆ, ಒತ್ತು ಎಲ್ಲಿ ಕೂರಬೇಕು ಗೊತ್ತಿಲ್ಲ. "ಪುತ್ಸಕ" ಬಂದ್ರೆ ಯಾವುದು ಮೇಲೆ ಯಾವುದು ಕೆಳಗೆ ಅನ್ನೋದು ಅದಲುಬದಲು. "ಶಕ್ತಿ"ಯನ್ನು ಎಷ್ಟೋ ಮಕ್ಕಳು "ಶಕಿತ" ಅಂತ ಓದ್ತಾರೆ. ಅವರ ತಪ್ಪಲ್ಲ. ಗುಡಿಸು ಕಣ್ಣಿಗೆ ಕಾಣೋದು ಕ ಮೇಲೆ, ಬಾಯಲ್ಲಿ ಬರೋದು ತ ಆದ ಮೇಲೆ. ಇದನ್ನು ಯಾರಾದ್ರೂ ಒಮ್ಮೆ ಬಾಯಿಬಿಟ್ಟು ಹೇಳಬೇಕು: "ಮೊದಲು ಮೇಲಿನ ಅಕ್ಷರ ಅರ್ಧ, ಆಮೇಲೆ ಕೆಳಗಿನ ಒತ್ತು, ಗುಡಿಸು ಕೊಂಬು ಏನಿದ್ರೂ ಕೊನೆಗೆ." "ಸೂರ್ಯ"ದಲ್ಲಿ ಇನ್ನೊಂದು ಪೇಚು. ಅರ್ಕಾವತ್ತು ಬರೆಯುವಾಗ ಯ ಆದ ಮೇಲೆ, ಓದುವಾಗ ಯಕ್ಕಿಂತ ಮುಂಚೆ.

ಒತ್ತುಗಳ ಆಕಾರ ಕಲಿಸೋಕೆ ಒಂದು ಸುಳಿವು. ಬಹುತೇಕ ಒತ್ತು ಅಂದ್ರೆ ತಲಕಟ್ಟು ತೆಗೆದ ಅದೇ ಅಕ್ಷರ. ಆಕಾರ ಬದಲಾಗೋದು ತ, ನ, ಮ, ಯ, ರ, ಲ ಈ ಆರಕ್ಕೆ. ಈ ಆರನ್ನು ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ, ಸಾಕು. ಇಡೀ ಒತ್ತಕ್ಷರದ ಪಟ್ಟಿಯನ್ನು ದಿನಾ ಎರಡು ಪುಟ ನಕಲು ಮಾಡಿಸೋದು ಕೈಗೆ ನೋವು, ತಲೆಗೆ ಏನೂ ಇಲ್ಲ.

ಅ-ಹ ಅದಲುಬದಲನ್ನು ದೊಡ್ಡದು ಮಾಡಬೇಡಿ. ಮನೆಯಲ್ಲಿ ಹಾಸನಕ್ಕೆ ಆಸನ ಅಂದ್ರೆ ಮಗುವೂ ಹಾಗೇ ಬರೆಯುತ್ತೆ. ಬೈದ್ರೆ ಮಾರನೇ ದಿನ ಆನೆ "ಹಾನೆ" ಆಗುತ್ತೆ. ಅದು ಆಡುಮಾತು, ಕಲಿಕೆಯ ದೋಷ ಅಲ್ಲ.

ಬಿಡಿಹತ್ತುನೂರು

ಕನ್ನಡದ್ದನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಲೆಕ್ಕಕ್ಕೆ ಮಾತ್ರ ಬರ್ತೀನಿ.

ವರ್ಷದ ಕೊನೆಗೆ 9999ರವರೆಗೆ ಸಂಖ್ಯೆ ಓದಿ ಬರೆಯೋದು, ಸರಳ ಗುಣಾಕಾರದ ಲೆಕ್ಕ ಬಿಡಿಸೋದು ನಿಪುಣ್ ಗುರಿ. ಆದರೆ ನಾಲ್ಕು ಅಂಕಿಗೆ ಅವಸರ ಮಾಡಬೇಡಿ, ಮೂರು ಅಂಕಿ ಗಟ್ಟಿಯಾದ್ರೆ ನಾಲ್ಕನೆಯದು ತಾನೇ ಬರುತ್ತೆ. ಗಟ್ಟಿಯಾಗಿದೆಯಾ ನೋಡೋಕೆ "ಇನ್ನೂರ ಐದು" ಬರೆಯೋಕೆ ಹೇಳಿ. 2005 ಅಂತ ಬರೆದ್ರೆ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ ಮಗು, 200 ಆಮೇಲೆ 5. ಬೆಲೆ ಸ್ಥಾನದ ಮೇಲೆ ನಿಂತಿದೆ ಅನ್ನೋದು ಇನ್ನೂ ಇಳಿದಿಲ್ಲ. ಆಗ ಕೂಡೋದು ಕಳೆಯೋದು ಮುಂದಕ್ಕೆ ತಗೊಂಡು ಹೋಗೋದು ವ್ಯರ್ಥ. ಪೊರಕೆಕಡ್ಡಿ ಸಮನಾಗಿ ಕತ್ತರಿಸಿ ಹತ್ತತ್ತರ ಕಟ್ಟು ಕಟ್ಟಿ, ಹತ್ತು ಕಟ್ಟು ಸೇರಿಸಿ ನೂರರ ದೊಡ್ಡ ಕಟ್ಟು. ಎರಡು ದೊಡ್ಡ ಕಟ್ಟು, ಸಣ್ಣ ಕಟ್ಟು ಒಂದೂ ಇಲ್ಲ, ಬಿಡಿ ಐದು. "ಒಂದೂ ಇಲ್ಲ" ಅನ್ನೋ ಜಾಗಕ್ಕೆ ಸೊನ್ನೆ ಅಂತ ಮಗುವಿನ ಬಾಯಲ್ಲೇ ಬರಬೇಕು.

ಈ ವರ್ಷದ ನಿಜವಾದ ಗಂಡಾಂತರ ದಶಕ ಸಹಿತ ವ್ಯವಕಲನ (ಪಕ್ಕದ ಸ್ಥಾನದಿಂದ ಸಾಲ ತಗೊಂಡು ಕಳೆಯೋದು), ಅದರಲ್ಲೂ ನಡುವೆ ಸೊನ್ನೆ ಇರೋದು. ಒಂದೇ ಒಂದು ಲೆಕ್ಕ ಕೊಟ್ಟು ನೋಡಿ: 403ರಲ್ಲಿ 167 ಕಳಿ. ಉತ್ತರ 236. ತಪ್ಪಾದ್ರೆ ಯಾವ ತಪ್ಪು ಅನ್ನೋದ್ರಲ್ಲೇ ಎಲ್ಲಾ ಇದೆ.

364 ಬಂತು ಅಂದ್ರೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಮೇಲೆ 3, ಕೆಳಗೆ 7 ಇದ್ರೂ 7ರಿಂದ 3 ಕಳೆದು 4. "ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ" ಅಂತ ಒಂದನೇ ಕ್ಲಾಸಲ್ಲಿ ಹೇಳಿಕೊಟ್ಟ ಮಾತಿನ ಫಲ ಇದು. 336 ಬಂತು ಅಂದ್ರೆ ಹತ್ತು, ಬಿಡಿ ಎರಡೂ ಸರಿ, ಆದರೆ ನೂರು ಒಡೆದ ಮೇಲೆ 4ನ್ನು 3 ಮಾಡಿಲ್ಲ. 246 ಬಂತು ಅಂದ್ರೆ ನೂರು ಒಡೆದು ಹತ್ತು ಹತ್ತುಗಳು ಮಾಡ್ಕೊಂಡಿದೆ, ಅದರಲ್ಲಿ ಒಂದನ್ನು ಬಿಡಿಗೆ ಕೊಟ್ಟಿದ್ದು ಮರೆತಿದೆ, 9ರ ಬದಲು 10ರಿಂದ 6 ಕಳೆದಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಟ್ಯೂಷನ್‌ನಲ್ಲಿ ಮೂರಕ್ಕೂ ಒಂದೇ ಮದ್ದು, ಇನ್ನೂ ಇಪ್ಪತ್ತು ಲೆಕ್ಕ. ತಪ್ಪು ಇಪ್ಪತ್ತು ಸಲ ಅಭ್ಯಾಸ ಆಗುತ್ತೆ ಅಷ್ಟೆ.

ಮಗ್ಗಿ 10ರವರೆಗೆ ಬರಬೇಕು. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು" ಅಂತ ರಾಗವಾಗಿ ಹೇಳಿಸೋದು ಒಳ್ಳೇದೇ, ಬಿಡಬೇಡಿ. ಆದರೆ ಏಳೆಂಟ್ಲ ಎಷ್ಟು ಅಂದ್ರೆ ಶುರುವಿನಿಂದ ಹಾಡಿಕೊಂಡು ಬರೋ ಮಕ್ಕಳೇ ಹೆಚ್ಚು. ಹತ್ತು ಮಗ್ಗಿ ಅಂದ್ರೆ ನೂರು ಉತ್ತರ ಅಂತ ಹೆದರಿಸಬೇಡಿ. 1, 2, 5, 10ರ ಮಗ್ಗಿ ಸುಲಭ, ತೆಗೀರಿ. ಮೂರ್ನಾಲ್ಕೂ ಒಂದೇ, ನಾಲ್ಕ್ಮೂರೂ ಒಂದೇ ಅಂತ ಜೋಡಿ ತೆಗೀರಿ. 3, 4, 6, 7, 8, 9 ಇವುಗಳ ನಡುವೆ ಉಳಿಯೋದು ಬರೀ 21. ಅವನ್ನು ಹಳೇ ಮದುವೆ ಕಾರ್ಡು ಕತ್ತರಿಸಿ ಬರೆದು, ದಿನಾ ಐದು ಚೀಟಿ ಕಲೆಸಿ ಕೇಳಿ. ಮೂರು ದಿನ ತಕ್ಷಣ ಉತ್ತರ ಬಂದ ಚೀಟಿ ಡಬ್ಬಿಗೆ. ಒಂದೂವರೆ ತಿಂಗಳಲ್ಲಿ ಮುಗಿಯೋ ಕೆಲಸ.

ಬಾಯಿಲೆಕ್ಕದಲ್ಲಿ "ತಲಾ" ಅನ್ನೋ ಪದದ ಮೇಲೆ ಕಣ್ಣಿಡಿ. "3 ತಟ್ಟೆಯಲ್ಲಿ ತಲಾ 4 ಇಡ್ಲಿ" ಅಂದ್ರೆ 7 ಅನ್ನೋ ಮಗುವಿಗೆ ಗುಣಾಕಾರ ಬರಲ್ಲ ಅಂತಲ್ಲ, ತಲಾ ಅಂದ್ರೆ ಏನು ಅಂತಲೇ ಗೊತ್ತಿಲ್ಲ.

ಮೆಟ್ರೊಬದಿ

ಬೆಂಗಳೂರಿನ ಸಿಬಿಎಸ್‌ಇ ಪೋಷಕರೂ ಇದನ್ನು ಓದ್ತಿದ್ರೆ ಎರಡು ಮಾತು. ಎನ್‌ಸಿಇಆರ್‌ಟಿ 2024-25ರಲ್ಲಿ ಮೂರನೇ ಕ್ಲಾಸಿನ ಪುಸ್ತಕ ಬದಲಿಸಿದೆ, ಅಣ್ಣ ಅಕ್ಕಂದಿರ ಹಳೇ ಪುಸ್ತಕ ಇಟ್ಕೊಂಡು ಕೂರಿಸಬೇಡಿ. ಹೊಸ ಶಿಕ್ಷಣ ನೀತಿಯ ಲೆಕ್ಕದಲ್ಲಿ ಮೂರನೇ ಕ್ಲಾಸು ಅಂದ್ರೆ ಬುನಾದಿ ಹಂತ ದಾಟಿ ಮುಂದಿನ ಹಂತದ ಮೊದಲ ವರ್ಷ. ಪುಸ್ತಕದ ಸಂಖ್ಯೆ ಹೆಚ್ಚೋದು, ಪರಿಸರ ಅಧ್ಯಯನ ಬೇರೆ ವಿಷಯವಾಗಿ ಬರೋದು ಅದಕ್ಕೇ.

2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದ ಈ ಶಾಲೆಗಳಲ್ಲೂ ಕನ್ನಡ ಇದೆ. ಎರಡನೇ ಭಾಷೆಯಾಗಿ ಕಲಿಯೋ ಮಗು ಮೂರನೇ ಕ್ಲಾಸಲ್ಲಿ ಇನ್ನೂ ಕಾಗುಣಿತದಲ್ಲೇ ಇರಬಹುದು. ಸೀಮೆಸುಣ್ಣ ಅವರು ಹೇಳಿದ ಒತ್ತಕ್ಷರದ ಮಟ್ಟವನ್ನು ಅದಕ್ಕೆ ಹಿಡಿದು ಹೋಲಿಸಬೇಡಿ.

ಮನೆಪಾಠ ರಾಶಿ ಬಂದ್ರೆ ಕೇಳೋ ಹಕ್ಕು ನಿಮಗಿದೆ. 2020ರ ಕೇಂದ್ರದ ಶಾಲಾ ಬ್ಯಾಗ್ ನೀತಿಯಲ್ಲಿ 3ರಿಂದ 5ನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ ಮನೆಪಾಠ. ದಿನಕ್ಕಲ್ಲ, ವಾರಕ್ಕೆ. ಬ್ಯಾಗಿನ ತೂಕ ನಮ್ಮ ರಾಜ್ಯದ 2019ರ ಆದೇಶದಲ್ಲಿ 3ರಿಂದ 5ಕ್ಕೆ 2ರಿಂದ 3 ಕಿಲೊ. ಅಂಗಡಿ ತಕ್ಕಡಿಯಲ್ಲಿ ಒಂದ್ಸಲ ಇಟ್ಟು ನೋಡಿ, ಅರ್ಧ ತೂಕ ನೀರಿನ ಬಾಟಲಿ ಮತ್ತು ವೇಳಾಪಟ್ಟಿಯಲ್ಲಿ ಇಲ್ಲದ ಪುಸ್ತಕಗಳದ್ದೇ ಇರುತ್ತೆ.

ಅರ್ಕಾವತ್ತು

ಮೇಲೆ ಹೇಳಿದ್ದೆಲ್ಲ ಮಾಡಿಯೂ ಮಗು ಮುಂದೆ ಹೋಗ್ತಿಲ್ಲ ಅಂದಾಗ ಏನು ನೋಡಬೇಕು ಅನ್ನೋದನ್ನು ಸೇರಿಸ್ತೀನಿ.

ಮೊದಲು ಕಣ್ಣು. ಪುಸ್ತಕದಿಂದ ನೋಡಿ ಬರೆದ್ರೆ ಸರಿ, ಬೋರ್ಡಿನಿಂದ ನೋಡಿ ಬರೆದ್ರೆ ತಪ್ಪು ಅಂದ್ರೆ ಅದು ಬುದ್ಧಿಯ ವಿಷಯ ಅಲ್ಲ. ಹತ್ತು ಅಡಿ ದೂರದಲ್ಲಿ ಕ್ಯಾಲೆಂಡರ್ ತೂಗುಹಾಕಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ದಿನಾಂಕ ಓದಿಸಿ, ಆಮೇಲೆ ಇನ್ನೊಂದು ಕಣ್ಣು. ಬೆರಳುಗಳ ಸಂದಿಯಿಂದ ನೋಡ್ತಾರೆ, ಹುಷಾರು. ಇದು ಪರೀಕ್ಷೆ ಅಲ್ಲ, ಅನುಮಾನ ಬರೋಕೆ ಸಾಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಮಗು ರಜೆ ಹಾಕದ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗ. ಕಿವಿಯನ್ನೂ ಮರೀಬೇಡಿ. ನೆಗಡಿ, ಕಿವಿ ಸೋರಿಕೆ ಪದೇ ಪದೇ ಇರೋ ಮಗುವಿಗೆ ಮೇಲೆ ಹೇಳಿದ ಕತೆ-ಕತ್ತೆ ಗೊಂದಲ ಜಾಸ್ತಿ.

ಕಣ್ಣು ಕಿವಿ ಸರಿಯಿದ್ದು, ಆರು ತಿಂಗಳು ದಿನಾ ಕೂರಿಸಿದ ಮೇಲೂ ಓದು ಒಂದೊಂದೇ ಅಕ್ಷರ ಕೂಡಿಸೋ ಮಟ್ಟದಲ್ಲೇ ಇದ್ರೆ, ಬಾಯಲ್ಲಿ ಕೇಳಿದ್ರೆ ಎಲ್ಲ ಉತ್ತರ ಬರ್ತಿದ್ರೆ, ಆಗ ಕಲಿಕಾ ನ್ಯೂನತೆ ಇದೆಯಾ ಅಂತ ನೋಡಿಸಬೇಕು. ಕನ್ನಡದಲ್ಲಿ ಬರೆದ ಹಾಗೇ ಓದೋದ್ರಿಂದ ಡಿಸ್ಲೆಕ್ಸಿಯಾ (ಓದಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ) ಇರೋ ಮಗು ತಪ್ಪು ಓದೋದಕ್ಕಿಂತ ತೀರಾ ನಿಧಾನ ಓದುತ್ತೆ. "ಸೋಮಾರಿ" ಅನ್ನೋ ಹಣೆಪಟ್ಟಿ ಬೀಳೋದು ಅಲ್ಲೇ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಮೂರನೇ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು ಅಂತ ಇದೆ. ಪ್ರಮಾಣಪತ್ರ 8 ತುಂಬಿದ ಮೇಲೆ. ಅದಕ್ಕೆ ಮೊದಲು ಯಾರಾದ್ರೂ ಖಚಿತವಾಗಿ ಹೇಳಿದ್ರೆ ನಂಬಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿಸಬಹುದು. ಹೋಗುವಾಗ ಮಗುವಿನ ಹಳೇ ನೋಟ್‌ಬುಕ್ಕು ಎರಡು ಮೂರು ತಗೊಂಡು ಹೋಗಿ. ತಪ್ಪು ತಿದ್ದಿ ನೀಟು ಮಾಡಿದ್ದಲ್ಲ, ಮಗು ಬರೆದ ಹಾಗೇ ಇರೋದು.

ಒಂದು ಎಚ್ಚರಿಕೆ. ಘ, ಝ, ಛ, ಢ ಇವುಗಳ ಕಾಗುಣಿತ ತಪ್ಪೋದನ್ನು ಲಕ್ಷಣ ಅಂದ್ಕೋಬೇಡಿ. ವ್ಯಂಜನ 34, ಕಾಗುಣಿತ ಸೇರಿದ್ರೆ 400ಕ್ಕೂ ಮೇಲೆ ರೂಪಗಳು. ಅಪರೂಪಕ್ಕೆ ಬರೋ ಅಕ್ಷರ ಮೂರನೇ ಕ್ಲಾಸಲ್ಲಿ ತಡವರಿಸೋದು ತೀರಾ ಸಹಜ.

ಕೆರೆಏರಿ

ಎಲ್ಲರಿಗೂ ಧನ್ಯವಾದ. ಸಂಜೆ ಓದು, ಉಕ್ತಲೇಖನ, ಲೆಕ್ಕ ಮೂರೂ ಮಾಡಿಸಿದೆ. ಕೊನೆಯ ಸಾಲು ಮೊದಲು ಓದು ಅಂದಾಗ ತಡವರಿಸಿದ, ಆದರೆ ಓದಿದ. ಉಕ್ತಲೇಖನದಲ್ಲಿ ಸಜಾತೀಯ ಐದೂ ಸರಿ, ಶಕ್ತಿ "ಶಕಿತ", ಸೂರ್ಯ "ಸೂಯ". 403ರ ಲೆಕ್ಕಕ್ಕೆ 246 ಬರೆದ. ಈಗ ಎಲ್ಲಿಂದ ಶುರು ಮಾಡಲಿ?

ಸೀಮೆಸುಣ್ಣ

ಹಾಗಾದ್ರೆ ಕನ್ನಡದಲ್ಲಿ ಅವನು ಇರಬೇಕಾದ ಕಡೆಯೇ ಇದ್ದಾನೆ. ವಿಜಾತೀಯ ಒತ್ತು ಮಾತ್ರ ಬಾಕಿ. ಗುಡಿಸು ಇರೋ ಪದ ಮೊದಲು: ಶಕ್ತಿ, ಭಕ್ತಿ, ಮುಕ್ತಿ, ದೃಷ್ಟಿ, ಸೃಷ್ಟಿ. ಅದಾದ ಮೇಲೆ ಅರ್ಕಾವತ್ತು: ಸೂರ್ಯ, ಕಾರ್ಯ, ವರ್ಷ, ಮಾರ್ಗ. ದಿನಕ್ಕೆ ನಾಲ್ಕೇ ಪದ, ಓದಿಸಿ ಆಮೇಲೆ ಬರೆಸಿ. ಬಸ್ಸಿನ ಬೋರ್ಡು, ಅಂಗಡಿ ಫಲಕ ಓದಿಸೋದು ಇದೇ ಲೆಕ್ಕಕ್ಕೆ ಸೇರುತ್ತೆ.

ಬಿಡಿಹತ್ತುನೂರು

246 ಬಂದಿದ್ದು ಒಳ್ಳೇ ಸುದ್ದಿ ಸರ್, ಮೂರು ತಪ್ಪುಗಳಲ್ಲಿ ಉತ್ತರಕ್ಕೆ ಅತಿ ಹತ್ತಿರದ್ದು. ನೂರರ ನೋಟು ನಾಲ್ಕು, ರೂಪಾಯಿ ನಾಣ್ಯ ಮೂರು ಅವನ ಮುಂದಿಡಿ. ನಿಮ್ಮ ಹತ್ತಿರ ಹತ್ತರ ನೋಟು ಹತ್ತು, ರೂಪಾಯಿ ನಾಣ್ಯ ಹತ್ತು ಇರಲಿ. "ನನಗೆ 167 ಕೊಡು" ಅನ್ನಿ. ಕೊಡೋಕಾಗಲ್ಲ, ಚಿಲ್ಲರೆ ಕೇಳ್ತಾನೆ. ಒಂದು ನೂರು ತಗೊಂಡು ಹತ್ತು ಹತ್ತರ ನೋಟು ಕೊಡಿ. ಈಗಲೂ ಏಳು ರೂಪಾಯಿ ಇಲ್ಲ. ಒಂದು ಹತ್ತು ತಗೊಂಡು ಹತ್ತು ನಾಣ್ಯ ಕೊಡಿ. ಇಲ್ಲಿ ನಿಲ್ಲಿಸಿ, "ಈಗ ನಿನ್ನ ಹತ್ರ ಹತ್ತರ ನೋಟು ಎಷ್ಟಿದೆ" ಅಂತ ಎಣಿಸೋಕೆ ಹೇಳಿ. ಒಂಬತ್ತು. ಅವನ ಪುಸ್ತಕದಲ್ಲಿ ತಪ್ಪಿದ್ದು ಇದೇ ಒಂದು ಹತ್ತು.

ಮೊದಲ ಎರಡು ದಿನ ಪೆನ್ಸಿಲ್ ಇಲ್ಲದೆ ನೋಟಲ್ಲೇ. ಮೂರನೇ ದಿನ ನೋಟು ಬದಲಾಯಿಸಿದ ಹಾಗೆಲ್ಲ ಅಂಕಿ ಹೊಡೆದು ಮೇಲೆ ಬರೆಯಲಿ: 4 ಹೊಡೆದು 3, 0 ಹೊಡೆದು 10, ಅದನ್ನೂ ಹೊಡೆದು 9, ಕೊನೆಗೆ 3 ಇದ್ದಲ್ಲಿ 13. ಎರಡು ಸಲ ಹೊಡೆದದ್ದು ಕಾಣಬೇಕು, ಗಲೀಜು ಅಂತ ಅಳಿಸಿ ಬರೆಸಬೇಡಿ. ಆಮೇಲೆ ಬರೀ ಪೆನ್ಸಿಲ್ಲು: 305ರಲ್ಲಿ 128, 502ರಲ್ಲಿ 246. ಉತ್ತರ ಬಂದ ಮೇಲೆ ಕಳೆದ ಸಂಖ್ಯೆಯನ್ನು ಕೂಡಿ ತಾಳೆ ನೋಡೋದು ಅವನದೇ ಕೆಲಸ ಆಗಲಿ, 246ಕ್ಕೆ 167 ಕೂಡಿದ್ರೆ 413 ಬರುತ್ತೆ, 403 ಅಲ್ಲ ಅಂತ ಅವನಿಗೇ ಕಾಣುತ್ತೆ. 600ರಲ್ಲಿ 273 ವಾರದ ಕೊನೆಗಿರಲಿ, ಅಲ್ಲಿ ಸೊನ್ನೆ ಎರಡು.